ವಾಪಸ್ ಬರೋ ಊಟ

ಕುಕ್ಕರಹಳ್ಳಿ ಕೆರೆಯನ್ನು ಒಂದು ಸುತ್ತು ಹಾಕಿ, ಎರಡನೇ ಸುತ್ತು ಹಾಕೋದಾ ಬೇಡವಾ ಅಂತ ಮಾತಾಡ್ತಾ ಮಾತಾಡ್ತಾ ಹೋಟೆಲ್ ಬಾಗಿಲಿಗೆ ಬಂದುಬಿಡೋದು ನಮ್ಮ ಗುಂಪಿನ ವಾಡಿಕೆ. ಆರು ಜನ, ಮೂರು ಕಾಫಿ, ಆರು ಲೋಟ. ಈ ಬೈ-ಟು ವ್ಯವಸ್ಥೆ ಜಾರಿಗೆ ತಂದವನು ಬ್ಯಾಂಕಿನಿಂದ ರಿಟೈರಾದ ಕಿಟ್ಟಪ್ಪ. ಮಿಕ್ಕ ಅರ್ಧ ಲೋಟದ ದುಡ್ಡನ್ನು ಅವನು ಎಲ್ಲಿ ಡಿಪಾಜಿಟ್ ಇಡ್ತಾನೋ ನಮಗೆ ಇವತ್ತಿಗೂ ಗೊತ್ತಾಗಿಲ್ಲ.

ಅವತ್ತು ಕಿಟ್ಟಪ್ಪನ ಮುಖದಲ್ಲಿ ಮದುವೆ ಗಂಡಿನ ಕಳೆ. ಜೇಬಿನಿಂದ ಒಂದು ಪಾಂಪ್ಲೆಟ್ ತೆಗೆದ, ಸಾಂಬಾರಿನ ಕಲೆ ಇಲ್ಲದ ಜಾಗ ಹುಡುಕಿ ಟೇಬಲ್ ಮೇಲೆ ಹರಡಿದ.

"ನೋಡ್ರಪ್ಪ. ಹನ್ನೆರಡು ದಿನ. ಮಧುರೆ, ರಾಮೇಶ್ವರ, ಕನ್ಯಾಕುಮಾರಿ, ತಿರುವನಂತಪುರ, ಗುರುವಾಯೂರು. ಊಟ, ತಿಂಡಿ, ರೂಮು, ಎಲ್ಲಾ ಸೇರಿ ತಲೆಗೆ 9,800. ಬೇರೆ ಟೂರ್‌ನೋರು 14,000ಕ್ಕೆ ಒಂದು ಪೈಸಾ ಇಳಿಯಲ್ಲ. ನಾನು ಕೂತು ಮಾತಾಡಿ ಇಳಿಸಿದ್ದು."

"ಅಡ್ವಾನ್ಸು?" ಅಂದಳು ಶಾರದಕ್ಕ. ಎಲ್‌ಐಸಿಯಲ್ಲಿ ಇದ್ದವಳು. ಯಾವ ಕಾಗದ ಕೊಟ್ಟರೂ ಹಿಂದಿನ ಪುಟದಿಂದ ಓದೋಕೆ ಶುರು ಮಾಡ್ತಾಳೆ.

"ನೀವು ಹೋದ ವಾರ ಕೊಟ್ರಲ್ಲ, ತಲೆಗೆ 4,000, ಅದನ್ನೇ ಕೊಟ್ಟೆ. ಇನ್ನೆರಡು ಸಾವಿರ ಈಗಲೇ ಕೊಟ್ರೆ ಮುಂದಿನ ವರ್ಷದ ಕಾಶಿ ಟೂರಲ್ಲಿ ಮುಂದಿನ ಸೀಟಂತೆ."

ಇಷ್ಟು ಹೊತ್ತು ಸುಮ್ಮನಿದ್ದ ಸೀನಿ ಲೋಟ ಕೆಳಗಿಟ್ಟ. "ಕಿಟ್ಟಿ, ಆ ಬಸ್ಸಿನ ಬಣ್ಣ ಯಾವುದೋ?"

"ಬಣ್ಣ ಕಟ್ಟಿಕೊಂಡು ಏನ್ ಮಾಡ್ತೀಯೋ? ಹುಡುಗೀನ ನೋಡೋಕೆ ಹೋಗಿದ್ನಾ ನಾನು?"

"ಗುಲಾಬಿ ಬಣ್ಣ ಏನಾದ್ರೂ ಆಗಿದ್ರೆ ನನ್ನ ದುಡ್ಡು ವಾಪಸ್ ಕೊಡಿಸಿಬಿಡು."

ಸೀನಿ ಲೂಟನ್‌ನಲ್ಲಿ ಆರು ತಿಂಗಳು ಇದ್ದು ಬಂದಿದ್ದಾನೆ. ಮಗಳ ಬಾಣಂತನಕ್ಕೆ ಅಂತ ಅವನ ಹೆಂಡತಿ ಹೋದಳು, ಹಪ್ಪಳ ಸಂಡಿಗೆ ಉಪ್ಪಿನಕಾಯಿ ಹೊರೋಕೆ ಅಂತ ಇವನೂ ಹೋದ. ಲೂಟನ್ ಅಂದರೆ ಲಂಡನ್ನಿನ ಉತ್ತರಕ್ಕೆ ಇರೋ ಒಂದು ಊರು. ಅಲ್ಲೊಂದು ವಿಮಾನ ನಿಲ್ದಾಣ. ಮಗಳ ಮನೆ ಸರಿಯಾಗಿ ವಿಮಾನ ಇಳಿಯೋ ದಾರಿಯ ಕೆಳಗೆ. ಪಕ್ಕದ ಮನೆ ಮುದುಕನ ಕಿಟಕಿಯಲ್ಲಿ ಒಂದು ಗುಲಾಬಿ ಬಣ್ಣದ ಆಟಿಕೆ ವಿಮಾನ ಇತ್ತಂತೆ. ಮೊಮ್ಮಗಳನ್ನು ಎತ್ತಿಕೊಂಡು ಓಡಾಡುವಾಗ ಅದೇನು ಅಂತ ಕೇಳಿದ್ದೇ ತಪ್ಪಾಯ್ತು. ಮುದುಕ ಆರು ತಿಂಗಳು ಹೇಳಿದ. ಈಗ ಸೀನಿ ನಮಗೆ ಹೇಳೋಕೆ ಕೂತ.

"ಕೋರ್ಟ್ ಲೈನ್ ಅಂತ ಕಂಪನಿ."

"ಹೆಸರಲ್ಲೇ ಕೋರ್ಟು! ಕೋರ್ಟು ಹತ್ತಿದೋನು ಉದ್ಧಾರ ಆದದ್ದುಂಟಾ?" ಅಂದ ರಾಜಣ್ಣ. ಅವನು ಕೆಎಸ್ಆರ್‌ಟಿಸಿಯಲ್ಲಿ ಡಿಪೋ ನೋಡಿಕೊಂಡವನು. ಅಣ್ಣನ ಜೊತೆ ಜಮೀನಿನ ವ್ಯಾಜ್ಯ ಇಪ್ಪತ್ತು ವರ್ಷದಿಂದ ನಡೀತಾ ಇದೆ.

"ಆ ಕೋರ್ಟಲ್ಲ ಮಾರಾಯ. ಅದು ಹಡಗಿನ ಕಂಪನಿ ಹೆಸರು. ಲೂಟನ್ನಲ್ಲಿ ಆಟೇರ್ ಅಂತ ಒಂದು ಸಣ್ಣ ವಿಮಾನದ ಕಂಪನಿ ಇತ್ತು, ಹೆಲಿಕಾಪ್ಟರ್ ಇಟ್ಕೊಂಡು ಶುರುವಾಗಿದ್ದು. 60ರ ದಶಕದಲ್ಲಿ ಅದನ್ನ ಈ ಹಡಗಿನೋರು ಕೊಂಡ್ಕೊಂಡ್ರು. 1970ರ ಜನವರಿ ಒಂದನೇ ತಾರೀಖು ಬೋರ್ಡು ಬದಲಾಯಿಸಿ ಕೋರ್ಟ್ ಲೈನ್ ಅಂತ ಬರೆಸಿದ್ರು. ಕೆಲಸ ಏನಪ್ಪಾ ಅಂದ್ರೆ ಚಾರ್ಟರ್ ವಿಮಾನ ಓಡಿಸೋದು. ಇಂಗ್ಲೆಂಡಿನ ಮಳೇಲಿ ನೆಂದ ಜನಾನ ಸ್ಪೇನಿನ ಬಿಸಿಲಿಗೆ ಒಣಗಿಹಾಕಿ, ಎರಡು ವಾರ ಬಿಟ್ಟು ತೆಗೆದುಕೊಂಡು ಬರೋದು."

"ಚಾರ್ಟರ್ ಅಂದ್ರೆ?" ಅಂದೆ ನಾನು. ಗುಂಪಿನಲ್ಲಿ ಪೆದ್ದ ಪ್ರಶ್ನೆ ಕೇಳೋ ಖಾತೆ ನನ್ನದು.

ರಾಜಣ್ಣ ಉತ್ತರ ಕಿತ್ಕೊಂಡ. "ದಿಬ್ಬಣದ ಬಸ್ಸು ಕಣಯ್ಯ. ರೂಟ್ ಬಸ್ಸು ಅಂದ್ರೆ ಮೂರೇ ಜನ ಇದ್ರೂ ಟೈಮಿಗೆ ಬಿಡ್ಬೇಕು, ಹಾಕ್ಕೊಂಡು ಬಯ್ಸಿಕೊಳ್ಳಬೇಕು. ದಿಬ್ಬಣದ ಬಸ್ಸಿಗೆ ಹಾಗಿಲ್ಲ. ಇಡೀ ಬಸ್ಸು ಒಬ್ಬ ಹಿಡೀತಾನೆ. ಐವತ್ತು ಸೀಟಿಗೆ ಎಪ್ಪತ್ತು ಜನ ತುರುಕೋದು ಹುಡುಗಿ ಅಪ್ಪನ ಜವಾಬ್ದಾರಿ. ಬಸ್ಸು ಯಾವತ್ತೂ ಖಾಲಿ ಓಡಲ್ಲ, ಅದಕ್ಕೇ ಅಗ್ಗ."

"ಅಷ್ಟೇ," ಅಂದ ಸೀನಿ, ತಾನು ಹೇಳಬೇಕಾಗಿದ್ದನ್ನು ಇನ್ನೊಬ್ಬ ಚೆನ್ನಾಗಿ ಹೇಳಿದ ಬೇಜಾರಿನಲ್ಲಿ. "ಆದ್ರೆ ಅಲ್ಲಿ ಹುಡುಗಿ ಅಪ್ಪನ ಜಾಗದಲ್ಲಿ ಟೂರ್ ಕಂಪನಿ ಇರುತ್ತೆ. ಅದು ಇಡೀ ವಿಮಾನ ಹಿಡಿದು, ಅಲ್ಲಿನ ಹೋಟೆಲ್ ರೂಮೂ ಸಗಟಿಗೆ ಹಿಡಿದು, ಎರಡನ್ನೂ ಒಂದೇ ಪೊಟ್ಟಣ ಕಟ್ಟಿ ಮಾರುತ್ತೆ. ಇದನ್ನ ಶುರು ಮಾಡಿದೋರಲ್ಲಿ ಮೊದಲಿಗ ವ್ಲಾದಿಮಿರ್ ರೈಟ್ಸ್ ಅಂತ. ಹುಟ್ಟಿದ್ದು ರಷ್ಯಾದಲ್ಲಿ, ಲಂಡನ್ನಿನಲ್ಲಿ ಪತ್ರಕರ್ತ ಆಗಿದ್ದವನು. ಹೊರೈಝನ್ ಅನ್ನೋ ಕಂಪನಿ ತೆಗೆದು 1950ರಲ್ಲಿ ಒಂದು ಡಕೋಟಾ ವಿಮಾನದಲ್ಲಿ ಜನರನ್ನ ಕಾರ್ಸಿಕಾ ದ್ವೀಪಕ್ಕೆ ಕರ್ಕೊಂಡು ಹೋದ. 32 ಪೌಂಡ್ 10 ಶಿಲಿಂಗ್. ಮಲಗೋದು ಟೆಂಟಲ್ಲಿ. ಆದ್ರೆ ಎರಡು ಹೊತ್ತು ಮಾಂಸದ ಊಟ. ಯುದ್ಧ ಮುಗಿದು ಐದು ವರ್ಷ ಆದ್ರೂ ಇಂಗ್ಲೆಂಡಲ್ಲಿ ಮಾಂಸ ಇನ್ನೂ ರೇಷನ್ನಲ್ಲಿ ಸಿಕ್ತಾ ಇದ್ದ ಕಾಲ. ಸರ್ಕಾರ ಏನ್ ಷರತ್ತು ಹಾಕಿತ್ತು ಗೊತ್ತಾ ಅವನಿಗೆ? ವಿದ್ಯಾರ್ಥಿಗಳನ್ನ, ಮೇಷ್ಟ್ರುಗಳನ್ನ ಬಿಟ್ಟು ಬೇರೆ ಯಾರನ್ನೂ ಹತ್ತಿಸೋ ಹಾಗಿಲ್ಲ."

ಪುಟ್ಟಸ್ವಾಮಿ ಮೇಷ್ಟ್ರು ತಲೆ ಎತ್ತಿದರು. ಅಷ್ಟು ಹೊತ್ತೂ ಅವರು ಕಿಟಕಿಯಾಚೆ ತಂತಿ ಮೇಲೆ ಕೂತ ಹಕ್ಕಿ ನೋಡ್ತಾ ಇದ್ದರು. "ನೋಡಿದ್ರಾ! ನಾಗರಿಕ ಸರ್ಕಾರ ಅಂದ್ರೆ ಅದು. ನಮಗೆ ಇಲ್ಲಿ ಜನಗಣತಿ ಬಿಟ್ಟು ಯಾವ ಟೂರೂ ಕೊಡಲಿಲ್ಲ."

"ಯಾಕೆ ಆ ಷರತ್ತು?"

"ಸರ್ಕಾರದ್ದೇ ವಿಮಾನ ಕಂಪನಿ ಇತ್ತಲ್ಲ, ಅದರ ಹೊಟ್ಟೆ ಮೇಲೆ ಹೊಡೀಬಾರದು ಅಂತ. ಆಮೇಲಾಮೇಲೆ ಎಲ್ಲಾರ್ನೂ ಬಿಟ್ರು, ಆದ್ರೆ ಇನ್ನೊಂದು ಗೂಟ ಹೊಡೆದ್ರು. ಪ್ಯಾಕೇಜು ಎಷ್ಟಕ್ಕಾದ್ರೂ ಮಾರು, ಅದೇ ಊರಿನ ಮಾಮೂಲಿ ವಿಮಾನದ ಹೋಗಿ-ಬರೋ ಟಿಕೆಟ್ಟಿಗಿಂತ ಕಮ್ಮಿಗೆ ಮಾರೋ ಹಾಗಿಲ್ಲ ಅಂತ."

ರಾಜಣ್ಣ ಟೇಬಲ್ ಗುದ್ದಿದ. "ಅಂದ್ರೆ ವಿಮಾನ, ಹೋಟ್ಲು, ಊಟ ಎಲ್ಲಾ ಸೇರಿದ್ರೂ ಬರೀ ಟಿಕೆಟ್ಟಿಗಿಂತ ಜಾಸ್ತಿ ಇರ್ಬೇಕು! ನ್ಯಾಯವಾಗೇ ಇದೆ. ನಮ್ಮ ಡಿಪೋ ಮುಂದೆ ಟೆಂಪೋದೋರು ಬಂದು ಕೂಗ್ತಾ ಇದ್ದಾಗ ಇಂಥ ಕಾನೂನು ಇರಬೇಕಿತ್ತು."

ಇನ್ನೊಂದು ತಮಾಷೆ, ಇದು ಅಮೆರಿಕದ ಕಡೆಗೆ ಹೋಗೋ ಚಾರ್ಟರಿಗೆ ಸಂಬಂಧಪಟ್ಟದ್ದು. ಆ ವಿಮಾನ ಹತ್ತಬೇಕಾದರೆ ಯಾವುದಾದರೂ ಸಂಘದ ಸದಸ್ಯ ಆಗಿ ಆರು ತಿಂಗಳಾಗಿರಬೇಕು. ಸರಿ, ಅಮೆರಿಕದಲ್ಲಿರೋ ಮಗಳನ್ನು ನೋಡಬೇಕು ಅನ್ನೋ ಅಜ್ಜಿಯರೆಲ್ಲ ತೋಟಗಾರಿಕೆ ಸಂಘ, ಹಕ್ಕಿ ಸಾಕೋರ ಸಂಘ ಅಂತ ಸೇರಿದ್ದೇ ಸೇರಿದ್ದು. ವಿಮಾನ ನಿಲ್ದಾಣದಲ್ಲಿ ಅಧಿಕಾರಿಗಳು ನಿಂತು ಪಾಟೀಸವಾಲು ಹಾಕೋರು.

"ನಮ್ಮೋರಿಗೆ ಈ ಕಾನೂನು ಆಗಿಬರ್ತಿರಲಿಲ್ಲ," ಅಂದಳು ಶಾರದಕ್ಕ. "ಯಾವ ಕನ್ನಡ ಸಂಘ ಆರು ತಿಂಗಳು ಒಡೀದೆ ಇರುತ್ತೆ?"

ಆ ಕಾಲಕ್ಕೆ ಬ್ರಿಟಿಷರ ಕೈಯಲ್ಲೂ ದುಡ್ಡಿಲ್ಲ. 1966ರಿಂದ 1970ರ ತನಕ ಪ್ರವಾಸ ಹೋಗೋನು ವರ್ಷಕ್ಕೆ 50 ಪೌಂಡಿಗಿಂತ ಹೆಚ್ಚು ದುಡ್ಡು ಹೊರದೇಶಕ್ಕೆ ಒಯ್ಯೋ ಹಾಗಿರಲಿಲ್ಲ. ಸೀನಿ ಇದನ್ನು ದೊಡ್ಡ ಕಷ್ಟ ಅನ್ನೋ ಹಾಗೆ ಹೇಳಿದ. ನಮ್ಮ ಯಾರ ಕಣ್ಣಲ್ಲೂ ನೀರು ಬರಲಿಲ್ಲ. ಎಂಟು ಡಾಲರ್ ಜೇಬಲ್ಲಿಟ್ಟುಕೊಂಡು ಅಮೆರಿಕಕ್ಕೆ ಹೋದ ಚಿಕ್ಕಪ್ಪ ಇಲ್ಲದ ಮನೆ ಮೈಸೂರಲ್ಲಿ ಎಷ್ಟಿದ್ದಾವು?

"ಈಗ ಬಣ್ಣದ ಕತೆಗೆ ಬಾ," ಅಂದ ಕಿಟ್ಟಪ್ಪ, ಪಾಂಪ್ಲೆಟ್ಟನ್ನು ಮೆಲ್ಲಗೆ ಮಡಚುತ್ತಾ.

"ಹ್ಞೂಂ. ಅಲ್ಲೀವರೆಗೆ ವಿಮಾನ ಅಂದ್ರೆ ಹೇಗಿರ್ತಿತ್ತು? ಬಿಳಿ ಮೈ, ಮಧ್ಯ ಒಂದು ನೀಲಿನೋ ಕೆಂಪೋ ಪಟ್ಟಿ. ಸರ್ಕಾರಿ ಆಸ್ಪತ್ರೆ ಗೋಡೆ ಇದ್ದ ಹಾಗೆ. ಕೋರ್ಟ್ ಲೈನೋರು ಪೀಟರ್ ಮರ್ಡಾಕ್ ಅನ್ನೋ ವಿನ್ಯಾಸಗಾರನ ಕೈಗೆ ಕೊಟ್ರು. ಒಂದು ವಿಮಾನ ಪೂರ್ತಿ ಗುಲಾಬಿ. ಇನ್ನೊಂದು ಕಿತ್ತಳೆ. ಮತ್ತೊಂದು ನೇರಳೆ. ಇನ್ನೊಂದು ಆಕಾಶನೀಲಿಗೂ ಹಸಿರಿಗೂ ನಡುವಿನ ಬಣ್ಣ. ಪ್ರತಿಯೊಂದರಲ್ಲೂ ಅದೇ ಬಣ್ಣದ ತೆಳು, ಗಾಢ ಛಾಯೆಗಳ ಪಟ್ಟೆ."

"ಬೊಂಬಾಯಿ ಮಿಠಾಯಿ," ಅಂದೆ.

"ಕಲ್ಯಾಣ ಮಂಟಪದ ಸೀರಿಯಲ್ ಸೆಟ್ಟು," ಅಂದ ರಾಜಣ್ಣ.

"ಏನಾದ್ರೂ ಅನ್ನಿ. ಮೋಡ ಕವಿದ ಲೂಟನ್ನಲ್ಲಿ, ಮಳೇಲಿ, ಡಾಂಬರಿನ ಮೇಲೆ ಅಂಥವು ನಾಲ್ಕು ಸಾಲಾಗಿ ನಿಂತಿದ್ರೆ ಹೇಗೆ ಕಂಡಿರಬೇಕು ಹೇಳಿ. ಬಿಎಸಿ ಒನ್-ಇಲೆವೆನ್ ಅಂತ ಜೆಟ್ ವಿಮಾನ, 119 ಸೀಟು. ವಾರವೆಲ್ಲ ಕಾರ್ಖಾನೇಲಿ ಬೋಲ್ಟು ತಿರುಗಿಸಿದೋನು ಹೆಂಡತಿ ಮಕ್ಕಳ ಸಮೇತ ಮೆಟ್ಟಲು ಹತ್ತುವಾಗಲೇ ರಜಾ ಶುರುವಾಯ್ತು ಅನ್ನಿಸಬೇಕು, ಅದು ಲೆಕ್ಕಾಚಾರ. ನಮ್ಮ ಪಕ್ಕದ ಮನೆಯೋನು ಐವತ್ತು ವರ್ಷ ಆದ್ಮೇಲೂ ಬಣ್ಣ ಹೇಳುವಾಗ ಕೈ ಆಡಿಸ್ತಾ ಇದ್ದ."

ನನಗೆ ಆ ವಿಮಾನಗಳ ಮೇಲೆ ಅಲ್ಲೇ ಪ್ರೀತಿ ಬಂದುಬಿಟ್ಟಿತು. ಇದನ್ನು ಕಿಟ್ಟಪ್ಪನ ಎದುರಿಗೆ ಹೇಳಲಿಲ್ಲ ಅಷ್ಟೇ.

ಈ ನಡುವೆ ಮಾಣಿ ಒಂದು ಪಾರ್ಸೆಲ್ ತಂದಿಟ್ಟು ಹೋದ. ರಾಜಣ್ಣ ಮನೆಯವಳಿಗೆ ಅಂತ ನಾಲ್ಕು ಮದ್ದೂರು ವಡೆ ಕಟ್ಟಿಸಿದ್ದು. ಬಾಳೆ ಎಲೆ, ಮೇಲೆ ನ್ಯೂಸ್‌ಪೇಪರು, ಅದರ ಮೇಲೆ ಬಿಳಿ ದಾರ. ಎಣ್ಣೆ ಆಗಲೇ ಪೇಪರಿನ ರಾಶಿ ಭವಿಷ್ಯದ ಮೇಲೆ ಹರಡ್ತಾ ಇತ್ತು.

"ಈಗ ಊಟದ ವಿಷಯ ಕೇಳಿ," ಅಂದ ಸೀನಿ. ದನಿ ಇಳಿಸಿದ. ಇಲ್ಲಿಗೆ ಬರೋಕೇ ಇಷ್ಟು ಹೊತ್ತು ಕಾದಿದ್ದ ಅಂತ ಕಾಣುತ್ತೆ.

"ವಿಮಾನದಲ್ಲಿ ಊಟ ಕೊಡಬೇಕು ಅಂದ್ರೆ ಅಡುಗೆ ಸಾಮಾನು ಇಡೋಕೆ ಜಾಗ ಬೇಕು. ತಳ್ಳುಗಾಡಿ ಬೇಕು. ಆ ಜಾಗದಲ್ಲಿ ಸೀಟು ಹಾಕಿದ್ರೆ ದುಡ್ಡು. ಅದೂ ಅಲ್ದೆ ಸ್ಪೇನಲ್ಲಿ ಊಟ ತುಂಬಿಸಿದ್ರೆ ಅಲ್ಲಿಯೋನಿಗೆ ದುಡ್ಡು. ಇವರು ಏನ್ ಮಾಡಿದ್ರು ಅಂದ್ರೆ, ಪ್ರತಿ ಸೀಟಿನ ಬೆನ್ನಲ್ಲಿ, ಅಂದ್ರೆ ಹಿಂದೆ ಕೂತೋನ ಮುಖಕ್ಕೆ ಸರಿಯಾಗಿ, ಎರಡು ಗೂಡು ಮಾಡಿಸಿದ್ರು. ಲೂಟನ್ನಲ್ಲೇ ಎರಡಕ್ಕೂ ತಣ್ಣನೆಯ ಊಟ ತುಂಬೋದು. ಒಂದು ಗೂಡು ಹೋಗುವಾಗಿನ ಊಟ. ನೀವೇ ಬಾಗಿಲು ತೆಗೆದು ತಿನ್ನಿ. ಇನ್ನೊಂದು ಗೂಡು ವಾಪಸ್ ಬರೋ ಊಟ. ಅದಕ್ಕೆ ಬೀಗ."

ಒಂದು ಕ್ಷಣ ಯಾರೂ ಮಾತಾಡಲಿಲ್ಲ. ಆರು ಜನರೂ ಮನಸ್ಸಿನಲ್ಲೇ ಆ ಸೀಟಿನಲ್ಲಿ ಕೂತು ಬೀಗ ನೋಡ್ತಾ ಇದ್ದೆವು.

"ಬೀಗ ಎಂಥದ್ದು?" ಅಂದ ರಾಜಣ್ಣ.

"ಅದೇ ಕೇಳ್ತೀಯಾ ಅಂತ ಗೊತ್ತಿತ್ತು. ಜಾಣರು ತೆಗೀತಾ ಇದ್ರು. ಒಂದು ಊಟ ಮುಗಿಸಿ, ಹೊಟ್ಟೆ ಇನ್ನೂ ಖಾಲಿ ಇದೆ ಅನ್ನಿಸಿದ್ರೆ, ಹೇಗೋ ಕೈಚಳಕ ಮಾಡಿ ಎರಡನೇ ಗೂಡೂ ಖಾಲಿ."

"ಅಯ್ಯೋ, ವಾಪಸ್ ಬರುವಾಗ ಅವರೇ ಉಪವಾಸ ತಾನೇ? ಬರಲಿ ಬಿಡಿ," ಅಂದೆ.

"ಅಲ್ಲ ಕಣೋ ಪೆದ್ದೇ! ಇವನು ಇಳಿದು ಎರಡು ವಾರ ಸಮುದ್ರದಲ್ಲಿ ಈಜ್ತಾ ಇರ್ತಾನೆ. ವಿಮಾನ ಒಂದು ಗಂಟೇಲಿ ವಾಪಸ್ ಹೊರಡುತ್ತೆ. ಆ ಸೀಟಲ್ಲಿ ಬಂದು ಕೂರೋನು ಎರಡು ವಾರದ ಹಿಂದೆ ಹೋಗಿದ್ದ ಇನ್ಯಾವನೋ. ದುಡ್ಡು ಖಾಲಿ, ಮೈಯೆಲ್ಲ ಬಿಸಿಲಿಗೆ ಸುಟ್ಟು ಕೆಂಪು, ಹಸಿವು. ಪರಿಚಾರಿಕೆ ಬಂದು ಬೀಗ ತೆಗೀತಾಳೆ. ಒಳಗೆ ಏನಿದೆ? ಒಂದು ಕಾಗದದ ಕರವಸ್ತ್ರ."

ಶಾರದಕ್ಕ ನಕ್ಕು ನಕ್ಕು ಕಣ್ಣೊರೆಸಿಕೊಂಡಳು. ಮೇಷ್ಟ್ರು ಮಾತ್ರ ಗಂಭೀರವಾಗಿ, "ಬಾಡಿಗೆ ಮನೆ ಖಾಲಿ ಮಾಡುವಾಗ ಬಲ್ಬು ಬಿಚ್ಕೊಂಡು ಹೋಗೋ ಜಾತಿ" ಅಂದರು. ರಾಜಣ್ಣ, "ನಮ್ಮೋರಾಗಿದ್ರೆ ಗೂಡಿನ ಬಾಗಿಲೂ ಸಿಗ್ತಿರಲಿಲ್ಲ" ಅನ್ನುತ್ತಾ ಪಾರ್ಸೆಲ್ಲಿಗೆ ಕೈ ಹಾಕಿದವನು ಅದನ್ನು ಎತ್ತಿ ತೂಗಿದ. ಮತ್ತೆ ತೂಗಿದ. ದಾರ ಸಡಿಲವಾಗಿತ್ತು. ಒಳಗೆ ಎರಡೇ ವಡೆ.

ಒಂದು ತಿಂದದ್ದು ನಾನು, ಬಣ್ಣದ ವಿಷಯ ನಡೀತಿದ್ದಾಗ. ಇನ್ನೊಂದು ಯಾರು ಅಂತ ನನಗೆ ಗೊತ್ತಿದೆ, ಆದರೆ ಮೇಷ್ಟ್ರ ಹೆಸರು ಹೇಳೋದು ಸರಿಯಲ್ಲ.

ಗಲಾಟೆ ಆಯ್ತು. ರಾಜಣ್ಣನನ್ನು ಸಮಾಧಾನ ಮಾಡೋಕೆ ಇನ್ನೊಂದು ರೌಂಡ್ ಕಾಫಿ ಹೇಳಿದೆವು. ಕಿಟ್ಟಪ್ಪ ಅದನ್ನೂ ಬೈ-ಟು ಮಾಡಿಸಿದ.

"ಆಮೇಲೆ ಮುಳುಗಿದ್ದು ಹೇಗೆ? ಊಟ ಕದ್ದಿದ್ದಕ್ಕಾ?"

"ಅಷ್ಟಕ್ಕೆ ಮುಳುಗುತ್ತಾ? ಇದಕ್ಕೆ ಕ್ಲಾರ್ಕ್‌ಸನ್ಸ್ ಅಂತ ಒಂದು ಟೂರ್ ಕಂಪನಿ ಗಂಟು ಬಿದ್ದಿತ್ತು. ಹಾಲೆಂಡಿನ ಟ್ಯೂಲಿಪ್ ಹೂ ನೋಡ್ಕೊಂಡು ಸಾಯಂಕಾಲಕ್ಕೆ ಮನೆಗೆ ಬರೋ ಒಂದು ದಿನದ ಟ್ರಿಪ್ಪು ಮಾಡಿ ಹೆಸರಾದೋರು. ಆಮೇಲೆ ಸ್ಪೇನಿಗೆ ಇಳಿದು ಬ್ರಿಟನ್ನಿನಲ್ಲೇ ದೊಡ್ಡ ಟೂರ್ ಕಂಪನಿ ಆದ್ರು. ಟಾಮ್ ಗಲಿಕ್ ಅಂತ ಒಬ್ಬ ಅದರ ಯಜಮಾನಿಕೆ ನೋಡ್ತಿದ್ದ. ಅವನ ಮಂತ್ರ ಒಂದೇ, ಎಲ್ಲರಿಗಿಂತ ಅಗ್ಗ."

ಎಲ್ಲರೂ ಕಿಟ್ಟಪ್ಪನ ಕಡೆ ನೋಡಿದೆವು.

"ಬೆನಿಡಾರ್ಮ್ ಅಂತ ಸ್ಪೇನಿನ ಕಡಲ ತೀರದಲ್ಲಿ ಒಂದು ಮೀನುಗಾರರ ಊರು. ಅಲ್ಲಿ ಪೆದ್ರೊ ಸಾರಗೋಸ ಅಂತ ಮೇಯರ್ರು. 50ರ ದಶಕ, ಫ್ರಾಂಕೋನ ಸರ್ವಾಧಿಕಾರ, ಪಾದ್ರಿಗಳ ದರ್ಬಾರು. ಹೆಂಗಸರು ಬಿಕಿನಿ ಹಾಕಿದ್ರೆ ದಂಡ. ಇವನು ಬಿಕಿನಿಗೆ ಅನುಮತಿ ಕೊಟ್ಟ. ಪಾದ್ರಿಗಳು ಧರ್ಮದಿಂದಲೇ ಹೊರಗೆ ಹಾಕ್ತೀವಿ ಅಂದ್ರು. ಇವನು ಸೀದಾ ವೆಸ್ಪಾ ಸ್ಕೂಟರ್ ಹತ್ತಿ ಮ್ಯಾಡ್ರಿಡ್‌ಗೆ ಹೋಗಿ ಫ್ರಾಂಕೋನ ಹತ್ರಾನೇ ಮಾತಾಡಿಕೊಂಡು ಬಂದ."

"ವೆಸ್ಪಾದಲ್ಲಿ? ಸರ್ವಾಧಿಕಾರಿ ಹತ್ರ? ಬಿಕಿನಿಗೋಸ್ಕರ?" ಮೇಷ್ಟ್ರ ದನಿಯಲ್ಲಿ ಭಕ್ತಿ ಇತ್ತು. "ನಮ್ಮ ವಾರ್ಡಿನ ಕಾರ್ಪೊರೇಟರು ಚರಂಡಿಗೋಸ್ಕರ ಮಹಾನಗರ ಪಾಲಿಕೆವರೆಗೂ ಹೋಗಲ್ಲ."

"ಅಂತೂ ಬೆನಿಡಾರ್ಮಲ್ಲಿ ಹೋಟೆಲ್ ಮೇಲೆ ಹೋಟೆಲ್ ಎದ್ದವು. ಹೋಟೆಲಿನೋನಿಗೆ ಕಟ್ಟೋಕೆ ದುಡ್ಡು ಎಲ್ಲಿಂದ? ಕ್ಲಾರ್ಕ್‌ಸನ್ಸಿನಂಥ ಟೂರ್ ಕಂಪನಿಗಳೇ ಮುಂಗಡ ಕೊಟ್ಟು ರೂಮು ಹಿಡಿಯೋರು. ಬೇಸಿಗೆ ಬಂತು, ವಿಮಾನ ಬಂತು, ಜನ ಸೂಟ್‌ಕೇಸ್ ಹಿಡ್ಕೊಂಡು ಬಂದ್ರು. ಹೋಟೆಲ್ಲಿಗೆ ಇನ್ನೂ ಕಿಟಕಿ ಬಂದಿಲ್ಲ. ಕೊಳ ಅಂತ ಚಿತ್ರ ಹಾಕಿದ್ದ ಕಡೆ ಗುಂಡಿ. ಪಕ್ಕದಲ್ಲಿ ಸಿಮೆಂಟ್ ಮಿಕ್ಸರ್ರು."

"ಆ ಮುಂಗಡ ಕೊಡೋಕೆ ಟೂರ್ ಕಂಪನಿಗೆ ದುಡ್ಡು?" ಇದು ಕಿಟ್ಟಪ್ಪ. ಬ್ಯಾಂಕಿನ ಮೂಗು ಈಗ ವಾಸನೆ ಹಿಡಿದಿತ್ತು.

"ಜನ ಜನವರೀಲಿ ಬುಕ್ ಮಾಡ್ತಾರೆ. ಹೋಗೋದು ಜುಲೈ, ಆಗಸ್ಟಲ್ಲಿ. ನಡುವೆ ಆ ಅಡ್ವಾನ್ಸು ಕಂಪನಿ ಕೈಲಿ."

"ರೇಟು ಖರ್ಚಿಗಿಂತ ಕಮ್ಮಿ?"

"ಪ್ರತಿ ವರ್ಷ ಇನ್ನಷ್ಟು ಕಮ್ಮಿ. ಆ ಟಿಕೆಟ್ ದರದ ಗೂಟ 70ರ ದಶಕದ ಶುರುವಲ್ಲಿ ಸಡಿಲಾಯ್ತು ನೋಡು, ಎಲ್ಲರೂ ಬಿದ್ದು ಬಿದ್ದು ಇಳಿಸಿದ್ರು."

ಕಿಟ್ಟಪ್ಪ ಲೋಟದಿಂದ ಟೇಬಲ್ ಮೇಲೆ ಒಂದು ಹನಿ ಕಾಫಿ ಚೆಲ್ಲಿ, ಬೆರಳಲ್ಲಿ ಗೆರೆ ಎಳೆದ. "ಹಾಗಾದ್ರೆ ಈ ವರ್ಷ ಹೋದೋನ ನಷ್ಟಾನ ಮುಂದಿನ ವರ್ಷ ಹೋಗೋನ ಅಡ್ವಾನ್ಸಲ್ಲಿ ತುಂಬೋದು. ಜನ ಹೆಚ್ಚುತ್ತಾ ಇರೋ ತನಕ ಯಾರಿಗೂ ಗೊತ್ತಾಗಲ್ಲ. ಒಂದು ವರ್ಷ ಜನ ಕಮ್ಮಿ ಆದ್ರೆ..." ಅವನು ನಿಲ್ಲಿಸಿದ. "ಸೀನಿ, ಇದು ಆ ಸೀಟಿನ ಗೂಡೇ ಕಣೋ. ವಾಪಸ್ ಬರೋನ ಊಟಾನ ಹೋಗೋನು ತಿಂದ ಹಾಗೆ. ಬೀಗ ತೆಗೆದೋನು ಪ್ಯಾಸೆಂಜರ್ ಒಬ್ನೇ ಅಲ್ಲ."

"ಆಹಾ," ಅಂದಳು ಶಾರದಕ್ಕ. "ಇಷ್ಟು ಬುದ್ಧಿ ಹೋದ ವಾರ ನಮ್ಮ 24,000 ಕೊಟ್ಟು ಬರುವಾಗ ಎಲ್ಲಿತ್ತು?"

ಕಿಟ್ಟಪ್ಪ ಗೆರೆ ಅಳಿಸಿದ.

ಕ್ಲಾರ್ಕ್‌ಸನ್ಸ್ ನಷ್ಟದಲ್ಲಿ ಒದ್ದಾಡ್ತಾ ಇತ್ತು. ಅದು ಮುಳುಗಿದರೆ ಕೋರ್ಟ್ ಲೈನಿನ ಬಣ್ಣದ ವಿಮಾನಕ್ಕೆ ಕೂರೋರೇ ಇಲ್ಲ. ಹಾಗಾಗಿ 1973ರ ಏಪ್ರಿಲ್‌ನಲ್ಲಿ ವಿಮಾನದೋರೇ ಟೂರ್ ಕಂಪನೀನ ತಲೆ ಮೇಲೆ ಎತ್ತಿಕೊಂಡರು. ಸಾಲಗಾರ ಸಾಯಬಾರದು ಅಂತ ಅವನಿಗೇ ಮಗಳನ್ನು ಕೊಟ್ಟ ಹಾಗೆ ಅಂದ ರಾಜಣ್ಣ. 1974ರ ಶುರುವಿನಲ್ಲಿ ಹೊರೈಝನ್ನೂ ಬಂತು. ಮೇಷ್ಟ್ರುಗಳನ್ನು ಟೆಂಟಲ್ಲಿ ಮಲಗಿಸಿದ್ದ ಅದೇ ಕಂಪನಿ.

"ಅದೂ ಸಾಲದು ಅಂತ 1973ರಲ್ಲೇ ಎರಡು ದೈತ್ಯ ವಿಮಾನ ತಂದ್ರು. ಲಾಕ್‌ಹೀಡ್ ಟ್ರೈಸ್ಟಾರ್. ಒಂದೊಂದರಲ್ಲಿ 400 ಸೀಟು. ಯುರೋಪಿನಲ್ಲಿ ಟ್ರೈಸ್ಟಾರ್ ಹಾರಿಸಿದ ಮೊದಲನೆಯವರು ಇವರೇ. ಹೆಸರು ಏನಿಟ್ರು ಅಂದ್ರೆ, ಹ್ಯಾಲ್ಸಿಯನ್ ಡೇಸ್, ಹ್ಯಾಲ್ಸಿಯನ್ ಬ್ರೀಜ್."

ಮೇಷ್ಟ್ರು ಕುರ್ಚಿ ಮುಂದಕ್ಕೆ ಎಳೆದರು. ಅವರ ಸರದಿ ಬಂದಿತ್ತು.

"ಹ್ಯಾಲ್ಸಿಯನ್ ಅಂದ್ರೇನು ಗೊತ್ತೇನ್ರೋ? ಮಿಂಚುಳ್ಳಿ! ಗ್ರೀಕರ ಕತೆ. ಆಲ್ಸಿಯೋನೆ ಅಂತ ಒಬ್ಬಳು, ಗಾಳಿ ದೇವರ ಮಗಳು. ಗಂಡ ಹಡಗು ಒಡೆದು ಸತ್ತ. ಇವಳೂ ಸಮುದ್ರಕ್ಕೆ ಬಿದ್ಲು. ದೇವರು ಇಬ್ಬರನ್ನೂ ಮಿಂಚುಳ್ಳಿ ಹಕ್ಕಿ ಮಾಡಿದ್ರು. ಚಳಿಗಾಲದ ನಟ್ಟ ನಡುವೆ ಆ ಹಕ್ಕಿ ಸಮುದ್ರದ ಮೇಲೇ ಗೂಡು ಕಟ್ಟಿ ಮೊಟ್ಟೆ ಇಡುತ್ತಂತೆ. ಅಷ್ಟು ದಿನ ಮಗಳಿಗೋಸ್ಕರ ಅಪ್ಪ ಗಾಳಿ ಬೀಸದ ಹಾಗೆ ತಡೆದು ನಿಲ್ಲಿಸ್ತಾನೆ. ಆ ನೆಮ್ಮದಿಯ ದಿನಗಳೇ ಹ್ಯಾಲ್ಸಿಯನ್ ಡೇಸ್. ನಮ್ಮ ಕೆರೆ ಹತ್ರ ಬಿಳಿ ಎದೆ, ನೀಲಿ ರೆಕ್ಕೆ, ಕೆಂಪು ಕೊಕ್ಕಿನ ಮಿಂಚುಳ್ಳಿ ಕೂತಿರುತ್ತಲ್ಲ ತಂತಿ ಮೇಲೆ, ಅದರ ಶಾಸ್ತ್ರೀಯ ಹೆಸರಲ್ಲೂ ಹ್ಯಾಲ್ಸಿಯನ್ ಇದೆ."

ಮಾತು ಅಲ್ಲಿಗೆ ನಿಂತಿತು. ಆಮೇಲೆ ನಿಧಾನಕ್ಕೆ ಒಬ್ಬೊಬ್ಬರ ಮುಖದಲ್ಲೂ ಒಂದೇ ಯೋಚನೆ ಮೂಡಿತು.

"ಮಿಂಚುಳ್ಳಿ ಅಂದ್ರೆ ಕಿಂಗ್‌ಫಿಶರ್ರು," ಅಂದೆ.

"ಬೆಂಗಳೂರಿನ ಕೆಂಪು ವಿಮಾನ. 2005ರಲ್ಲಿ ಹಾರಿತು, 2012ರ ಅಕ್ಟೋಬರಿಗೆ ನಿಂತೋಯ್ತು," ಅಂದ ಕಿಟ್ಟಪ್ಪ. ತೀರದ ಸಾಲದ ವಿಷಯ ಬಂದರೆ ತಿಂಗಳು ಸಮೇತ ಹೇಳ್ತಾನೆ.

"ಅಲ್ರೀ, ಹಾರೋ ವಿಮಾನಕ್ಕೆ ಮುಳುಗೋ ಹಕ್ಕಿ ಹೆಸರು ಇಡಬೇಡಿ ಅಂತ ಯಾರಾದ್ರೂ ಹೇಳಬಾರದಾ?" ಅಂದಳು ಶಾರದಕ್ಕ. "ಗರುಡ ಇದೆ, ಹದ್ದು ಇದೆ. ಮಿಂಚುಳ್ಳಿ ಕೆಲಸಾನೇ ಮೇಲಿಂದ ನೀರಿಗೆ ಬೀಳೋದು."

ಟ್ರೈಸ್ಟಾರ್ ಬಂದ ವರ್ಷವೇ ಅಕ್ಟೋಬರಿನಲ್ಲಿ ಅರಬ್-ಇಸ್ರೇಲ್ ಯುದ್ಧ. ಬ್ಯಾರಲ್ಲಿಗೆ ಮೂರು ಡಾಲರ್ ಆಸುಪಾಸಿದ್ದ ತೈಲ ಜನವರಿ ಹೊತ್ತಿಗೆ ಹನ್ನೆರಡರ ಹತ್ತಿರ. ಮೇಲಿಂದ ಗಣಿ ಕಾರ್ಮಿಕರ ಚಳವಳಿ, ಕಲ್ಲಿದ್ದಲು ಇಲ್ಲ. 1974ರ ಜನವರಿಯಿಂದ ಮಾರ್ಚ್ ತನಕ ಬ್ರಿಟನ್ನಿನ ಕಾರ್ಖಾನೆಗಳಿಗೆ ವಾರಕ್ಕೆ ಮೂರೇ ದಿನ ಕರೆಂಟು. ಜನ ರಜಾ ಬುಕ್ ಮಾಡೋ ತಿಂಗಳಲ್ಲೇ ಮನೆಯಲ್ಲಿ ಮೇಣದ ಬತ್ತಿ ಹಚ್ಚಿಕೊಂಡು ಕೂತಿದ್ದರು. 400 ಸೀಟು ತುಂಬಿಸೋದು ಯಾರು?

"ಸರ್ಕಾರ ಕೈ ಕೊಡಲಿಲ್ವಾ?" ಅಂದರು ಮೇಷ್ಟ್ರು.

"ಕೊಡ್ತು. ಎರಡು ಥರಾನೂ." ಸೀನಿ ಈ ವಾಕ್ಯವನ್ನು ಲೂಟನ್ನಲ್ಲೇ ತಯಾರು ಮಾಡಿಕೊಂಡಿದ್ದ ಅನ್ನಿಸುತ್ತೆ. "ಕೋರ್ಟ್ ಲೈನಿಗೆ ಸಂಡರ್‌ಲ್ಯಾಂಡ್ ಕಡೆ ಹಡಗು ಕಟ್ಟೋ ಕಾರ್ಖಾನೆಗಳಿದ್ವು. ಸಾವಿರಾರು ಜನರ ಕೆಲಸ. ಟೋನಿ ಬೆನ್ ಅಂತ ಕೈಗಾರಿಕಾ ಮಂತ್ರಿ, ಸಮಾಜವಾದಿ ಮನುಷ್ಯ. ಆ ಕಾರ್ಖಾನೆಗಳನ್ನ ಸರ್ಕಾರ ತಗೊಳ್ಳುತ್ತೆ ಅಂತ ಜೂನ್ 26ನೇ ತಾರೀಖು ಪಾರ್ಲಿಮೆಂಟಲ್ಲಿ ಎದ್ದು ನಿಂತು ಹೇಳಿದ. ಹೇಳೋದು ಹೇಳಿ, ಇದರಿಂದ ಈ ಬೇಸಿಗೆಗೆ ಬುಕ್ ಆಗಿರೋ ರಜಾಗಳಿಗೂ ರಕ್ಷಣೆ ಸಿಗುತ್ತೆ ಅನ್ನೋ ಅರ್ಥ ಬರೋ ಹಾಗೆ ಒಂದು ಮಾತು ಸೇರಿಸಿಬಿಟ್ಟ. ಯೋಚನೆ ಮಾಡ್ಬೇಡಿ ಅಂತ ಮಂತ್ರಿ ಹೇಳಿದ ಮೇಲೆ ಜನ ಮಿಕ್ಕ ಕಂತೂ ಕಟ್ಟಿದ್ರು. ಆಗಸ್ಟ್ 15ಕ್ಕೆ ಕಂಪನಿ ಬಾಗಿಲು ಹಾಕ್ತು."

"ಏನ್ ಮುಹೂರ್ತ!" ಅಂದ ರಾಜಣ್ಣ. "ನಮಗೆ ಸ್ವಾತಂತ್ರ್ಯ ಕೊಟ್ಟ ದಿನಾನೇ ಅವರು ಸಿಕ್ಕಿಹಾಕ್ಕೊಂಡ್ರು."

"ಸುಮಾರು ಐವತ್ತು ಸಾವಿರ ಜನ ಹೊರದೇಶದಲ್ಲಿ. ಹೋಟೆಲಿನೋನಿಗೂ ಗಾಬರಿ, ಗಿರಾಕಿಗೂ ಗಾಬರಿ. ಆದ್ರೆ ಒಂದು ಪುಣ್ಯ. ದೊಡ್ಡ ಟೂರ್ ಕಂಪನಿಗಳೆಲ್ಲ ಸೇರಿ ಇಂಥ ದಿನಕ್ಕೇ ಅಂತ ಮೊದಲೇ ಬಾಂಡ್, ಅಂದ್ರೆ ಜಾಮೀನಿನ ದುಡ್ಡು, ಇಟ್ಟಿದ್ವು. ಅದರ ದುಡ್ಡಲ್ಲಿ ಬೇರೆ ವಿಮಾನ ಹಿಡಿದು ಅವರನ್ನ ಮನೆಗೆ ಕರ್ಕೊಂಡು ಬಂದ್ರು. ಅಲ್ಲಿಗೆ ಆ ಬಾಂಡ್ ಸವೆದುಹೋಯ್ತು. ದುಡ್ಡು ಕಟ್ಟಿ ಇನ್ನೂ ಹೊರಡದೇ ಇದ್ದೋರಿದ್ರಲ್ಲ, ಸುಮಾರು ಒಂದು ಲಕ್ಷ ಜನ, ಅವರಿಗೆ ಗುಲಾಬಿ ವಿಮಾನವೂ ಇಲ್ಲ, ದುಡ್ಡೂ ಇಲ್ಲ."

"ಮಂತ್ರಿ?"

"ಸಂಸತ್ತಿನ ಓಂಬುಡ್ಸ್‌ಮನ್, ಅಂದ್ರೆ ಸರ್ಕಾರದ ಮೇಲಿನ ದೂರು ನೋಡೋ ಅಧಿಕಾರಿ, ವಿಚಾರಣೆ ಮಾಡಿದ. ಸರ್ಕಾರ ಪೂರ್ತಿ ಕೈ ತೊಳ್ಕೊಳ್ಳೋಕಾಗಲ್ಲ ಅಂತ 1975ರಲ್ಲಿ ವರದಿ ಕೊಟ್ಟ. ಸರ್ಕಾರ ಒಪ್ಪಲಿಲ್ಲ. ಆದ್ರೆ ಅದೇ ವರ್ಷ ಒಂದು ಕಾನೂನು ತಂದು ಪರಿಹಾರ ನಿಧಿ ಮಾಡ್ತು. ಮೊದಲು ಸರ್ಕಾರದ ಸಾಲ ತಂದು ದುಡ್ಡು ಕಳ್ಕೊಂಡೋರಿಗೆ ಕೊಡೋದು, ಆಮೇಲೆ ಟೂರ್ ಹೋಗೋರ ಹತ್ರ ಒಂದಿಷ್ಟು ವಸೂಲು ಮಾಡಿ ಆ ಸಾಲ ತೀರಿಸೋದು."

ಕಿಟ್ಟಪ್ಪ ಹಣೆ ಚಚ್ಚಿಕೊಂಡ. "ಅದೂ ಮುಂದೆ ಬರೋನ ಊಟವೇ!"

"ಆ ದೊಡ್ಡ ವಿಮಾನಗಳು?" ನನಗೆ ಅದರದೇ ಚಿಂತೆ.

"ಎರಡನ್ನೂ ಆಮೇಲೆ ಹಾಂಗ್‌ಕಾಂಗಿನ ಕ್ಯಾಥೇ ಪೆಸಿಫಿಕ್‌ನೋರು ತಗೊಂಡ್ರು. ಬೇರೆ ಬಣ್ಣ ಬಳಿದ್ರು."

ಬಿಲ್ಲು ಬಂತು. ಯಾರೂ ಎದ್ದೇಳಲಿಲ್ಲ. ಶಾರದಕ್ಕ ಕಿಟ್ಟಪ್ಪನ ಮೊಬೈಲನ್ನು ಅವನ ಮುಂದಕ್ಕೆ ತಳ್ಳಿದಳು. "ಮಾಡು ಫೋನು. ಸ್ಪೀಕರ್ ಹಾಕು."

ರಿಂಗ್ ಆಯ್ತು. ಆಯ್ತು. ಆಗ್ತಾನೇ ಇತ್ತು. ಕಿಟ್ಟಪ್ಪನ ಹಣೆಯಲ್ಲಿ ಬೆವರು. ರಾಜಣ್ಣ ಮಿಕ್ಕ ಎರಡು ವಡೆಯನ್ನು ತೊಡೆ ಮೇಲೆ ಇಟ್ಟುಕೊಂಡು ಎರಡೂ ಕೈಯಲ್ಲಿ ಮುಚ್ಚಿಕೊಂಡ.

"ಹಲೋ! ಹೇಳಿ ಸಾರ್!" ದನಿ ಬಹಳ ಲವಲವಿಕೆಯಿಂದ ಇತ್ತು.

"ಏನಿಲ್ಲಪ್ಪ... ನಮ್ಮ ರಾಮೇಶ್ವರದ ಟೂರು... ಎಲ್ಲಾ ಸರಿ ಇದೆ ತಾನೇ?"

"ನೀವು ಏನೂ ಯೋಚನೆ ಮಾಡ್ಬೇಡಿ ಸಾರ್!"

ಟೇಬಲ್ ಸುತ್ತ ಆರೂ ಮುಖ ಒಂದೇ ಸಲ ಬಿಳಚಿಕೊಂಡವು. ಮಂತ್ರಿ ಹೇಳಿದ್ದೂ ಇದೇ ಮಾತಲ್ಲವೇ? ಕಿಟ್ಟಪ್ಪ ಗಂಟಲು ಸರಿಮಾಡಿಕೊಂಡು ನಮ್ಮನ್ನೆಲ್ಲ ಒಮ್ಮೆ ನೋಡಿದ. ಸೀನಿ ಕಣ್ಣಲ್ಲೇ ಸನ್ನೆ ಮಾಡಿದ, ಕೇಳು, ಕೇಳು.

"ಅಲ್ಲಪ್ಪ, ಸುಮ್ನೆ ಕೇಳ್ದೆ... ಬಸ್ಸಿನ ಬಣ್ಣ ಯಾವುದು?"

ಆ ಕಡೆ ಒಂದು ಗಳಿಗೆ ಮೌನ. ಹಿಂದೆ ಯಾರೋ ತಗಡಿಗೆ ಸುತ್ತಿಗೆಯಲ್ಲಿ ಹೊಡೀತಾ ಇದ್ದ ಸದ್ದು.

"ನಿಮಗೆ ಯಾವ ಬಣ್ಣ ಬೇಕು ಹೇಳಿ ಸಾರ್, ಈಗ ಪೇಂಟಿಗೇ ನಿಂತಿದೆ."